ಲಾಭ, ಎರಡು, ಮೂರು: ಅಪ್ಪನ ಜೊತೆ ಹೊಳೆಯ ಮೇಲೊಂದು ಊಟ

ಈ ಫೆಬ್ರವರಿಗೆ ಅಪ್ಪನಿಗೆ 76 ತುಂಬಿತು. ಹುಟ್ಟಿದ ದಿನಕ್ಕೆ ಏನು ಬೇಕು ಅಂತ ಕೇಳಿದರೆ ಪ್ರತಿ ವರ್ಷದ ಉತ್ತರ ಒಂದೇ. "ಎಂತದೂ ಬೇಡ ಮಾರಾಯ್ತಿ." ಹಾಗಾಗಿ ಈ ಸಲ ಕೇಳಲಿಲ್ಲ. ಫಲ್ಗುಣಿ ಹೊಳೆಯಲ್ಲಿ ಮಧ್ಯಾಹ್ನದ ಊಟ ಕೊಟ್ಟು ಎರಡೂವರೆ ಗಂಟೆ ಸುತ್ತಾಡಿಸುವ ಬೋಟಿನಲ್ಲಿ ನಾಲ್ಕು ಸೀಟು ಬುಕ್ ಮಾಡಿದೆ. ಅಪ್ಪ, ನಾನು, ನನ್ನ ಗಂಡ, 12 ವರ್ಷದ ಮಗಳು. ಅಮ್ಮ ಇದ್ದಿದ್ದರೆ ಐದು ಆಗುತ್ತಿತ್ತು.

ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು.

"ಬಂದರಿನ ಎದುರಿಂದ ಹೋಗ್ತದಾ?"

ಹೋಗ್ತದೆ ಅಂದೆ.

ಅಪ್ಪ ಮಂಗಳೂರಿನ ಹಳೆ ಬಂದರಿನ ಒಂದು ಮಂಡಿಯಲ್ಲಿ 37 ವರ್ಷ ರೈಟರ್ ಆಗಿದ್ದವರು. ರೈಟರ್ ಅಂದರೆ ಲೆಕ್ಕ ಬರೆಯುವವರು. ಗೋದಾಮಿನಿಂದ ಹೊರಟ ಮೂಟೆ ಧಕ್ಕೆ, ಅಂದರೆ ಹಡಗು ಕಟ್ಟುವ ಕಟ್ಟೆ, ದಾಟಿ ಮಂಜಿ ಹತ್ತುವವರೆಗೆ ಎಣಿಸಿ ಪುಸ್ತಕದಲ್ಲಿ ಗೀಟು ಹಾಕುವುದು ಅವರ ಕೆಲಸ. ನಾಲ್ಕು ನೆಟ್ಟನೆ ಗೀಟು, ಅದರ ಮೇಲೆ ಒಂದು ಅಡ್ಡ ಗೀಟು, ಅಲ್ಲಿಗೆ ಐದು. ಮಂಜಿ ಅಂದರೆ ಮರದ ದೊಡ್ಡ ಸರಕಿನ ಹಡಗು. ಮೊದಲು ಹಾಯಿ ಕಟ್ಟಿ ಓಡುತ್ತಿತ್ತು, ಈಗ ಇಂಜಿನ್. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಇಟ್ಟಿಗೆ, ಕೆಲವೊಮ್ಮೆ ಆಡು ಕೂಡ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತದೆ.

ಅಪ್ಪ ಎಣಿಸುವಾಗ ಒಂದು ಅಂತ ಶುರು ಮಾಡುತ್ತಿರಲಿಲ್ಲ. ಮೊದಲ ಮೂಟೆಗೆ "ಲಾಭ" ಅನ್ನಬೇಕು. ಲಾಭ, ಎರಡು, ಮೂರು, ನಾಲ್ಕು. ನಮ್ಮಲ್ಲಿ ಭತ್ತ ಅಳೆಯುವವರೂ ಹಾಗೇ ಹೇಳುವುದು. ಮನೆಯಲ್ಲಿ ತೆಂಗಿನಕಾಯಿ ಎಣಿಸಿದರೂ, ಮಡಚಿದ ಬಟ್ಟೆ ಎಣಿಸಿದರೂ ಅಪ್ಪನ ಬಾಯಲ್ಲಿ ಮೊದಲು ಬರುವುದು ಲಾಭವೇ. ನಾನು ಒಂದನೇ ಕ್ಲಾಸಿನಲ್ಲಿ ಟೀಚರ್ ಎದುರು ಹಾಗೇ ಎಣಿಸಿದ್ದೆನಂತೆ. ಅಮ್ಮ ಅದನ್ನು ಎಷ್ಟು ಸಲ ಹೇಳಿದ್ದರೋ.

37 ವರ್ಷ ಹೊಳೆಯ ಪಕ್ಕದಲ್ಲಿ. ಆದರೆ ಹೊಳೆಯ ಮೇಲೆ ಸುಮ್ನೆ ಕೂತದ್ದು ಒಂದು ದಿನವೂ ಇಲ್ಲ. ಆ ಸೀಟು ಬುಕ್ ಮಾಡಲು ನನಗಿದ್ದ ಕಾರಣ ಅಷ್ಟೇ.

ಗೊತ್ತಿಲ್ಲದವರಿಗೆ ಈ ಹೊಳೆಯ ದಾರಿ ಸ್ವಲ್ಪ ಹೇಳಬೇಕು. ಮಂಗಳೂರಿನ ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ. ಫಲ್ಗುಣಿಗೆ ಗುರುಪುರ ಹೊಳೆ ಅಂತಲೂ ಹೆಸರು. ಘಟ್ಟದಿಂದ ಇಳಿದು ಬರುವ ಫಲ್ಗುಣಿ ಕೂಳೂರು ದಾಟಿದ ಮೇಲೆ ಸಮುದ್ರಕ್ಕೆ ಕೂಗಳತೆಯಷ್ಟು ಹತ್ತಿರ ಬರುತ್ತದೆ. ಆದರೆ ಅಲ್ಲಿ ಸೇರುವುದಿಲ್ಲ. ಎಡಕ್ಕೆ ತಿರುಗಿ, ಸಮುದ್ರದ ಮಗ್ಗುಲಲ್ಲೇ ಕೆಲವು ಕಿಲೋಮೀಟರ್ ದಕ್ಷಿಣಕ್ಕೆ ಹರಿದು, ಅಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಒಟ್ಟಿಗೆ ಕಡಲಿಗೆ ಹೋಗುತ್ತದೆ. ಹೊಳೆಗೂ ಸಮುದ್ರಕ್ಕೂ ನಡುವೆ ಉಳಿದ ಉದ್ದ ಮರಳಿನ ಪಟ್ಟಿಯೇ ಬೆಂಗ್ರೆ. ಎರಡೂ ಹೊಳೆ ಸಮುದ್ರ ಸೇರುವ ಬಾಯಿಗೆ ನಾವು ಅಳಿವೆ ಬಾಗಿಲು ಅನ್ನುತ್ತೇವೆ. ಹಳೆ ಬಂದರು ಇರುವುದು ಸಮುದ್ರದ ದಡದಲ್ಲಿ ಅಲ್ಲ, ಈ ಫಲ್ಗುಣಿಯ ದಡದಲ್ಲಿ. ಬೆಂಗ್ರೆಯ ಮರೆಯಲ್ಲಿ ಅಲೆ ಇಲ್ಲದ ನೀರು. ಹಡಗು ಕಟ್ಟಿ ನಿಲ್ಲಿಸಲು ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಟಿಕೆಟಿನಲ್ಲಿ 12 ಗಂಟೆ ಅಂತ ಇತ್ತು. ನಾವು ಹನ್ನೊಂದೂವರೆಗೇ ಹೋಗಿ ಕೂತೆವು. ಸುಲ್ತಾನ್ ಬತ್ತೇರಿಯಿಂದ ಸ್ವಲ್ಪ ಮೇಲಕ್ಕೆ ಒಂದು ಸಣ್ಣ ಜೆಟ್ಟಿ. ಹನ್ನೆರಡಾಯಿತು, ಹನ್ನೆರಡು ಕಾಲಾಯಿತು. ಬೋಟು ಕಣ್ಣೆದುರೇ ಇದೆ, ಯಾರೂ ಹತ್ತಿಸಿಕೊಳ್ಳುತ್ತಿಲ್ಲ. ಟಿಕೆಟ್ ಕೊಟ್ಟ ಹುಡುಗ "ಈಗ ಹೊರಡ್ತದೆ ಮೇಡಂ, ಐದೇ ನಿಮಿಷ" ಅಂತ ಮೂರು ಸಲ ಹೇಳಿದ. ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬಕ್ಕೆ ಸಿಟ್ಟು ಬಂತು. ನನಗೂ ಬಂತು. ಹಸಿದ ಮಕ್ಕಳನ್ನು ಬಿಸಿಲಲ್ಲಿ ಕೂರಿಸಿಕೊಂಡು ಐದೇ ನಿಮಿಷ ಅನ್ನುವುದು ಸರಿಯಲ್ಲ.

ಅಪ್ಪ ಮಾತ್ರ ಆರಾಮಾಗಿ ಜೆಟ್ಟಿಯ ಕಂಬ ನೋಡುತ್ತಾ ನಿಂತಿದ್ದರು. ಕಂಬದಲ್ಲಿ ನೀರು ಇಳಿದು ಹೋದ ಹಸಿ ಗುರುತು, ಅದರ ಕೆಳಗೆ ಅಂಟಿಕೊಂಡ ಚಿಪ್ಪುಗಳು ಕಾಣುತ್ತಿದ್ದವು.

"ಇಳಿತ ಈಗ ಮುಗಿದದ್ದಷ್ಟೇ. ಅಲ್ಲಿ ಎದುರು ಮರಳು ದಿಬ್ಬ ಉಂಟು. ನೀರು ಇನ್ನು ನಾಲ್ಕು ಬೆರಳು ಏರ್ಬೇಕು. ಅಷ್ಟರವರೆಗೆ ಇವ ಬಿಡುದಿಲ್ಲ."

ಬೋಟು ನಡೆಸುವ ತಂಡೇಲ ಮೇಲಿಂದ ಕೇಳಿಸಿಕೊಂಡು ನಕ್ಕರು. ಸರಿಯಾಗಿ ಅದೇ ಕಾರಣ. ನಾವು ಹೊರಟಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು.

ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿ ದಿನ ಆ ಹೊತ್ತು ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಹನ್ನೊಂದಕ್ಕೆ ನೀರು ತುಂಬಿದ್ದರೆ ನಾಳೆ ತುಂಬುವುದು ಹನ್ನೆರಡರ ಹತ್ತಿರ. ಇದು ಬಂದರಿನವರಿಗೆ ಬಾಯಿಪಾಠ. ತಿಂಗಳ ಮೊದಲೇ ಲೆಕ್ಕ ಹಾಕಬಹುದಾದ ವಿಷಯ ಇದು. ಟಿಕೆಟಿನಲ್ಲಿ ಒಂದು ಸಾಲು ಬರೆದರೆ ಸಾಕಿತ್ತು: "ಈ ದಿನ ನೀರು ಏರಿದ ಮೇಲೆ ಹೊರಡುತ್ತೇವೆ." ಆಗ ಕಾಯುವುದೇ ಒಂದು ಪಾಠ ಆಗುತ್ತಿತ್ತು. ಹೊಳೆಗೆ ಅದರದ್ದೇ ಗಡಿಯಾರ ಇದೆ ಅಂತ ಮಕ್ಕಳಿಗೆ ಅಲ್ಲೇ ತೋರಿಸಬಹುದಿತ್ತು.

ಮಗಳಿಗೆ ಅಪ್ಪ ತೋರಿಸಿದರು. ಯಾರೋ ಕುಡಿದು ಎಸೆದ ಎಳನೀರಿನ ಬೊಂಡ ಒಂದು ನೀರಲ್ಲಿ ತೇಲುತ್ತಿತ್ತು. ಅದು ಅಳಿವೆ ಕಡೆಗೆ ಹೋಗಬೇಕಲ್ವಾ? ಅದು ಕೂಳೂರಿನ ಕಡೆಗೆ, ಮೇಲ್ಮುಖವಾಗಿ ನಿಧಾನಕ್ಕೆ ಹೋಗುತ್ತಿತ್ತು. ಸಮುದ್ರದ ನೀರು ಒಳಗೆ ಬರುತ್ತಿದೆ, ಹೊಳೆ ಹಿಂದಕ್ಕೆ ಹರಿಯುತ್ತಿದೆ. ಮಗಳು ಬಾಯಿ ತೆರೆದು ನೋಡಿದಳು. ಬೇಸಿಗೆಯಲ್ಲಿ ಈ ಉಪ್ಪು ನೀರು ಹೊಳೆಯೊಳಗೆ ತುಂಬಾ ದೂರ ಬರುತ್ತದೆ. ಅದಕ್ಕೇ ನೇತ್ರಾವತಿಗೆ ತುಂಬೆಯಲ್ಲಿ, ಫಲ್ಗುಣಿಗೆ ಮರವೂರಿನಲ್ಲಿ ಕಿಂಡಿ ಅಣೆಕಟ್ಟು. ಸಿಹಿ ನೀರು ಅದರ ಮೇಲೆ ನಿಲ್ಲುತ್ತದೆ. ಊರು ಕುಡಿಯುವುದು ಅದನ್ನೇ.

ಬೋಟು ಹತ್ತಿದ ಕೂಡಲೇ ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರು, ಕಟ್ಟಿದ್ದು ಸರಿ ಇದೆಯಾ ಅಂತ ಒಬ್ಬೊಬ್ಬರದ್ದೂ ಎಳೆದು ನೋಡಿದರು. ಇದು ನನಗೆ ಬಹಳ ಸಮಾಧಾನ ಕೊಟ್ಟಿತು. ಊಟ ಮಾಡುವಾಗ ಸೆಕೆ ಅಂತ ಕೆಲವರು ಬಿಚ್ಚಲು ಹೋದರು, ಬಿಡಲಿಲ್ಲ. ಒಳ್ಳೆಯದಾಯಿತು. ಆಮೇಲೆ ಸ್ಪೀಕರಿನಲ್ಲಿ ಜೋರಾಗಿ ಸಿನಿಮಾ ಹಾಡು ಶುರುವಾಯಿತು. ನಾನು ಹೋಗಿ ಕೇಳಿಕೊಂಡೆ, ಇನ್ನಿಬ್ಬರು ಹೆಂಗಸರೂ ದನಿ ಸೇರಿಸಿದರು. ನಿಲ್ಲಿಸಿದರು. ಆಗ ಹೊಳೆಯ ಸದ್ದು ಕೇಳಿತು. ನೀರು ಬೋಟಿನ ಹೊಟ್ಟೆಗೆ ತಟ್ಟುವ ಸದ್ದು, ದೂರದಲ್ಲಿ ಯಾರೋ ಮರಕ್ಕೆ ಮೊಳೆ ಹೊಡೆಯುವ ಸದ್ದು.

ಸುಲ್ತಾನ್ ಬತ್ತೇರಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದು. ಕಪ್ಪು ಕಲ್ಲಿನ ಕಾವಲು ಬುರುಜು, ಕೆಳಗೆ ಮದ್ದಿನ ಕೋಣೆ. ಶಾಲೆಯಿಂದ ಕರೆದುಕೊಂಡು ಹೋದಾಗ ಇಷ್ಟು ಸಣ್ಣದಾ ಅಂತ ಬೇಸರ ಆಗಿತ್ತು. ನೀರಿನ ಮೇಲಿಂದ ನೋಡಿದಾಗಲೇ ಅದರ ಅರ್ಥ ಆದದ್ದು. ಫಿರಂಗಿ ಇಡುವ ಕಿಂಡಿಗಳೆಲ್ಲ ನಮ್ಮ ಕಡೆಗೇ ನೋಡುತ್ತವೆ. ಹೊಳೆಯೊಳಗೆ ಬರುವ ಯುದ್ಧದ ಹಡಗನ್ನು ತಡೆಯಲು ಕಟ್ಟಿದ್ದನ್ನು ರಸ್ತೆ ಕಡೆಯಿಂದ ನೋಡಿದರೆ ಹೇಗೆ ಗೊತ್ತಾಗಬೇಕು?

ಅಲ್ಲೇ ನಮ್ಮ ಎದುರಿನಿಂದ ಕಡವಿನ ದೋಣಿ ಅಡ್ಡ ದಾಟಿತು. ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮಕ್ಕಳು ಬೆಂಗ್ರೆಗೆ ಹೋಗುತ್ತಿದ್ದರು. ಒಬ್ಬರ ತೊಡೆಯ ಮೇಲೆ ಅಕ್ಕಿ ಚೀಲ, ಇನ್ನೊಬ್ಬರ ಕಾಲಡಿ ಖಾಲಿ ಮೀನು ಬುಟ್ಟಿ. ರಸ್ತೆಯಲ್ಲಿ ಹೋಗಬೇಕಾದರೆ ಕೂಳೂರು, ಪಣಂಬೂರು, ತಣ್ಣೀರುಬಾವಿ ಎಲ್ಲ ಸುತ್ತಬೇಕು. ದೋಣಿಯಲ್ಲಿ ಕೆಲವೇ ನಿಮಿಷ. ನಮ್ಮ ಮಕ್ಕಳು ಅವರಿಗೆ ಕೈ ಬೀಸಿದರು, ಅವರೂ ಬೀಸಿದರು. ಮಂಗಳೂರಿಗೆ ಬಂದವರು ನನ್ನ ಹತ್ತಿರ ಕೇಳಿದರೆ ನಾನು ಮೊದಲು ಈ ಕಡವಿನ ದೋಣಿ ಹತ್ತಿ ಅನ್ನುತ್ತೇನೆ. ಊಟದ ಬೋಟು ಆಮೇಲೆ.

ಕುದ್ರೋಳಿ ದಾಟುವಾಗ ಊಟ ಬಡಿಸಲು ಶುರು ಮಾಡಿದರು.

ಸ್ಟೀಲ್ ತಟ್ಟೆಯ ಮೇಲೆ ದುಂಡಗೆ ಕತ್ತರಿಸಿದ ಬಾಳೆಲೆ. ಕಡಲ ಗಾಳಿಗೆ ಎಲೆ ನಿಲ್ಲುವುದಿಲ್ಲ, ಅಂಚು ಎದ್ದು ಮಗುಚುತ್ತದೆ. ಬಡಿಸುವವರಿಗೆ ಅದು ಗೊತ್ತು. ಉಪ್ಪು, ಉಪ್ಪಿನಕಾಯಿಯಿಂದ ಶುರು ಮಾಡದೆ ಮೊದಲು ಒಂದು ಸೌಟು ಕುಚ್ಚಲಕ್ಕಿ ಅನ್ನ ನಡುವಿಗೆ ಹಾಕುತ್ತಾರೆ. ಅನ್ನದ ಭಾರಕ್ಕೆ ಎಲೆ ಸುಮ್ಮನೆ ಕೂರುತ್ತದೆ. ಆಮೇಲೆ ಅಲಸಂಡೆ ಪಲ್ಯ, ಸಾರು, ನೀರುದೋಸೆ, ಕೋಳಿ ಸುಕ್ಕ, ಬಂಗುಡೆ ಪುಳಿಮುಂಚಿ. ಹೊರಗಿನಿಂದ ಬಂದವರಿಗೆ ಅಂತ ಪನೀರ್, ಗೋಬಿ ಮಂಚೂರಿ ಕೂಡ ಇತ್ತು. ಪುಳಿಮುಂಚಿ ಚೆನ್ನಾಗಿತ್ತು. ಹುಳಿ ಮುಂದೆ, ಖಾರ ಹಿಂದೆ, ಎಣ್ಣೆ ಕಡಿಮೆ. ಹಿಂದಿನ ದಿನವೇ ಮಾಡಿ ಇಟ್ಟದ್ದಿರಬೇಕು, ಅಷ್ಟು ಹಿಡಿದಿತ್ತು.

ಆದರೂ ನನಗೆ ಒಂದು ಕೊರತೆ ಅನಿಸಿತು. ಈ ಹೊಳೆಯ ಸ್ವಂತ ಅಡುಗೆ ಮರುವಾಯಿ. ಅಳಿವೆಯ ಮರಳಲ್ಲಿ ಸಿಗುವ ಚಿಪ್ಪು. ಆಗ ತಾನೇ ನೀರು ಏರಲು ಶುರುವಾಗಿದ್ದ ಕಾರಣ ಬೆಂಗ್ರೆ ಕಡೆಯ ದಿಬ್ಬದಲ್ಲಿ ಮೂರು ಜನ ಇನ್ನೂ ಸೊಂಟದವರೆಗಿನ ನೀರಲ್ಲಿ ಬಗ್ಗಿ ಅದನ್ನೇ ಹೆಕ್ಕುತ್ತಿದ್ದರು. ಅಮ್ಮ ಅದನ್ನು ಮೆಟ್ಟುಕತ್ತಿಯಲ್ಲಿ ಒಂದೊಂದಾಗಿ ಬಿಡಿಸುತ್ತಿದ್ದರು. ಚಿಪ್ಪಿನ ಎರಡು ಹೋಳಿನಲ್ಲಿ ಮಾಂಸ ಇರುವ ಹೋಳು ಮಾತ್ರ ಪಾತ್ರೆಗೆ. ಕೊತ್ತಂಬರಿ, ಒಣಮೆಣಸು ಹುರಿದು ತೆಂಗಿನಕಾಯಿ ಜೊತೆ ಅರೆದು, ಅದರೊಳಗೆ ಪುಂಡಿ ಅನ್ನುವ ಅಕ್ಕಿಯ ಉಂಡೆ ಹಾಕಿ ಕುದಿಸುವುದು. ತಿಂದು ಮುಗಿದ ಮೇಲೆ ತಟ್ಟೆಯ ಪಕ್ಕ ಚಿಪ್ಪಿನ ಗುಡ್ಡೆ. ಬಡಿಸುತ್ತಿದ್ದವರನ್ನು ಕೇಳಿದೆ. "ಕ್ಲೀನ್ ಮಾಡ್ಲಿಕ್ಕೆ ತುಂಬಾ ಹೊತ್ತು ಬೇಕು ಅಕ್ಕ, ಎಲ್ಲರೂ ತಿನ್ನುದೂ ಇಲ್ಲ" ಅಂದರು. ಅವರು ಹೇಳಿದ್ದು ನಿಜ. ಆದರೂ ತಿಂಗಳಿಗೆ ಒಂದು ದಿನವಾದರೂ ಮಾಡಿ ಅಂತ ಹೇಳಿ ಬಂದಿದ್ದೇನೆ. ಕಣ್ಣೆದುರು ಹೆಕ್ಕುವುದು ಕಾಣುತ್ತದೆ, ಎಲೆಯ ಮೇಲೆ ಅದೇ ಬಂದರೆ ಎಷ್ಟು ಚೆಂದ.

ಅಷ್ಟರಲ್ಲಿ ಬಂದರು ಬಂತು.

ನಾಲ್ಕು ಮಂಜಿ ನಿಂತಿದ್ದವು. ಬಣ್ಣ ಮಾಸಿದ ಮರ, ಮೂತಿಯ ಹತ್ತಿರ ಒಣಗಿದ ಹೂವಿನ ಹಾರ. ಒಂದಕ್ಕೆ ಲೋಡಿಂಗ್ ನಡೆಯುತ್ತಿತ್ತು. ಧಕ್ಕೆಯಿಂದ ಮಂಜಿಗೆ ಒಂದು ಹಲಗೆ. ತಲೆಗೆ ಮುಂಡಾಸು ಸುತ್ತಿದವರು ಈರುಳ್ಳಿ ಮೂಟೆ ಹೊತ್ತು ಆ ಹಲಗೆಯ ಮೇಲೆ ಬರುತ್ತಿದ್ದರು. ಮೂಟೆ ಹೊತ್ತವರು ಕಾಲಿಟ್ಟಾಗ ಹಲಗೆ ಬಗ್ಗುತ್ತದೆ, ಅವರು ದಾಟಿದಾಗ ಮೇಲೆ ಚಿಮ್ಮುತ್ತದೆ. ಹಿಂದಿನವರು ಆ ಚಿಮ್ಮು ಮುಗಿಯುವವರೆಗೆ ಒಂದು ಕ್ಷಣ ನಿಂತು ಕಾಲಿಡುತ್ತಾರೆ. ಹಲಗೆಯ ತುದಿಯಲ್ಲಿ ನೆರಳಿಗೆ ತಲೆ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಹುಡುಗ ನಿಂತಿದ್ದ. ಕೈಯಲ್ಲಿ ಪುಸ್ತಕ.

ಅಪ್ಪ ತಟ್ಟೆಯನ್ನು ಪಕ್ಕದ ಬೆಂಚಿನ ಮೇಲಿಟ್ಟರು. ಕಲಸಿದ ಅನ್ನ ಹಾಗೇ ಇತ್ತು.

"ಯಾಕಪ್ಪ, ಖಾರ ಆಯ್ತಾ?"

"ಅಲ್ಲ ಮಗಾ. ಹೊರೆ ಹೊತ್ತವರ ಎದುರು ಕೂತು ಉಣ್ಲಿಕ್ಕೆ ಆಗುದಿಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾನೂ ತಟ್ಟೆ ಕೆಳಗಿಟ್ಟೆ. ನನ್ನ ಗಂಡನೂ ಇಟ್ಟರು. ಮೂಟೆ ಹೊತ್ತವರಲ್ಲಿ ಒಬ್ಬರು ನಮ್ಮ ಬೋಟಿನ ಕಡೆ ಒಮ್ಮೆ ನೋಡಿ ಮುಂದೆ ಹೋದರು. ಬೋಟಿನಲ್ಲಿ ಉಳಿದವರು ಫೋಟೋ ತೆಗೆಯುತ್ತಿದ್ದರು. ಅದರಲ್ಲಿ ಏನೂ ತಪ್ಪಿಲ್ಲ, ನೋಡಲೆಂದೇ ಬಂದವರು. ಆದರೆ ಅಪ್ಪನ ತುಟಿ ಅಲುಗುತ್ತಿತ್ತು. ಹತ್ತಿರ ಕಿವಿ ಕೊಟ್ಟೆ. ಏಳು, ಎಂಟು, ಒಂಬತ್ತು. ಆ ಹುಡುಗನ ಜೊತೆ ಅಪ್ಪನೂ ಎಣಿಸುತ್ತಿದ್ದರು.

ಕೊನೆಯ ಮಂಜಿಯಲ್ಲಿ ಕೆಲಸ ನಿಂತಿತ್ತು. ಟಾರ್ಪಾಲಿನ ನೆರಳಲ್ಲಿ ಐದಾರು ಜನ ಸುತ್ತ ಕೂತಿದ್ದರು, ನಡುವೆ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ. ನಮ್ಮ ಬೋಟು ತುಂಬಾ ಹತ್ತಿರದಿಂದ ಹೋಯಿತು, ಅನ್ನದ ಹಬೆ ಕಾಣುವಷ್ಟು. ಅಪ್ಪ ಎದ್ದು ನಿಂತು ಕಂಬಿ ಹಿಡಿದು ಕೂಗಿದರು.

"ಊಟ ಆಯ್ತಾ?"

ಬಿಳಿ ಗಡ್ಡದ ಒಬ್ಬರು ತಲೆ ಎತ್ತಿ ನೋಡಿ, ಊಟದ ಕೈಯನ್ನೇ ಮೇಲೆತ್ತಿದರು.

"ಆಗ್ತಾ ಉಂಟು. ಬನ್ನಿ, ಬನ್ನಿ."

"ನಮ್ಮದೂ ಆಗ್ತಾ ಉಂಟು" ಅಂದರು ಅಪ್ಪ. ಕೂತರು. ತಟ್ಟೆ ಎತ್ತಿಕೊಂಡು ಉಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡರು, ಪುಳಿಮುಂಚಿಯ ಮೀನನ್ನು ಮುಳ್ಳು ಮಾತ್ರ ಉಳಿಯುವ ಹಾಗೆ ತಿಂದರು.

ಆ ದಿನದಿಂದ ನಾನು ಈ ವಿಷಯವನ್ನೇ ಯೋಚಿಸುತ್ತಿದ್ದೇನೆ. ಜಗತ್ತಿನ ಬೇರೆ ಕಡೆ ಹೊಳೆಯ ಮೇಲೆ ಊಟ ಹಾಕುವ ಬೋಟುಗಳು ಹೇಗೆ ಶುರುವಾದವು ನೋಡಿ. ಕೇರಳದ ಹೌಸ್ ಬೋಟ್ ಅಂದರೆ ಹಿಂದಿನ ಕೆಟ್ಟುವಳ್ಳಂ. ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಮಾಡಿದ, ಅಕ್ಕಿ ಸಾಗಿಸುತ್ತಿದ್ದ ದೋಣಿ. ಲಾರಿ ಬಂದ ಮೇಲೆ ಆ ಕೆಲಸ ಹೋಯಿತು, ಆಮೇಲೆ ಅದರಲ್ಲಿ ಮಂಚ, ಊಟದ ಮೇಜು ಬಂತು. ಪ್ಯಾರಿಸಿನ ಸೇನ್ ನದಿಯ ಹೆಸರುವಾಸಿ ಬಾತೋ ಮೂಷ್ ಬೋಟುಗಳ ಹೆಸರೂ ಅಂಥದ್ದೇ. ಲಿಯೋನ್ ಊರಿನ ಮೂಷ್ ಅನ್ನುವ ಕೇರಿಯಲ್ಲಿ ಕಟ್ಟಿದ ಬೋಟುಗಳು 1867ರ ದೊಡ್ಡ ವಸ್ತುಪ್ರದರ್ಶನಕ್ಕೆ ಪ್ಯಾರಿಸಿಗೆ ಬಂದವು. ಆಗ ಅವು ಜನರನ್ನು ಸಾಗಿಸುತ್ತಿದ್ದವು, ನಮ್ಮ ಸಿಟಿ ಬಸ್ಸಿನ ಹಾಗೆ. ರಸ್ತೆ, ರೈಲು ಬಂದು ಆ ಕೆಲಸ ಹೋದ ಮೇಲೆ ಉಳಿದದ್ದು ನೋಟ ಮತ್ತು ಊಟ. ಅಲ್ಲೆಲ್ಲ ಹೊಳೆಯ ಕೆಲಸ ಹೋದ ಜಾಗಕ್ಕೆ ಪ್ರವಾಸ ಬಂದಿದೆ.

ನಮ್ಮ ಫಲ್ಗುಣಿಯಲ್ಲಿ ಕೆಲಸ ಇನ್ನೂ ಹೋಗಿಲ್ಲ. ನೋಡಲು ಬಂದ ಬೋಟು ದುಡಿಯುವ ಬೋಟುಗಳ ನಡುವೆ ದಾರಿ ಕೇಳಿಕೊಂಡು ಹೋಗಬೇಕು. ನನಗೆ ಇದಕ್ಕಿಂತ ದೊಡ್ಡ ನೋಟ ಬೇರೆ ಇಲ್ಲ. ಹೊಳೆಯ ದಡವನ್ನು ಚೆಂದ ಮಾಡಬೇಕು ಅನ್ನುವ ಮಾತು ನಮ್ಮ ಊರಲ್ಲಿ ಆಗಾಗ ಬರುತ್ತದೆ. ಮಾಡಲಿ. ನಡೆಯಲು ದಾರಿ ಬರಲಿ, ಕೂರಲು ಬೆಂಚು ಬರಲಿ. ಆದರೆ ಮೀನಿನ ವಾಸನೆ ಬರುತ್ತದೆ, ಗೋದಾಮು ಹಳತಾಗಿದೆ ಅಂತ ಧಕ್ಕೆಯನ್ನೇ ಎಬ್ಬಿಸಬಾರದು. ಎಬ್ಬಿಸಿದರೆ ಬೋಟಿನಲ್ಲಿ ಕೂತು ಏನು ನೋಡುವುದು? ನಮ್ಮಂಥದ್ದೇ ಇನ್ನೊಂದು ಊಟದ ಬೋಟನ್ನಾ?

ಬಂದರಿನ ಕತೆ ತುಂಬಾ ಹಳೆಯದು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹೆಚ್ಚುಕಡಿಮೆ 17 ವರ್ಷ ಇದ್ದರು. ಇಲ್ಲಿಯ ಹೆಣ್ಣನ್ನೇ ಮದುವೆಯಾದರು. ಅವರ ಕಾಗದಪತ್ರಗಳು ಈಜಿಪ್ಟಿನ ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಶತಮಾನಗಟ್ಟಲೆ ಬಿದ್ದಿದ್ದು ಆಮೇಲೆ ಸಿಕ್ಕವು. ಅದರಲ್ಲಿ ಇರುವುದು ಹೆಚ್ಚಾಗಿ ಲೆಕ್ಕ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋದದ್ದು, ಏಡನ್‌ನಿಂದ ಅವರಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬಂದದ್ದು. ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಕೇಳಿದರು, "ಲೆಕ್ಕ ಬರೆದವ ಯಾರು?"

ಅಪ್ಪ ಕೆಲಸಕ್ಕೆ ಸೇರಿದ 1968ರಲ್ಲಿ ದೊಡ್ಡ ಹಡಗುಗಳು ಒಳಗೆ ಬರುತ್ತಿರಲಿಲ್ಲ. ಸಮುದ್ರದಲ್ಲೇ ದೂರ ಲಂಗರು ಹಾಕಿ ನಿಲ್ಲುತ್ತಿದ್ದವು, ಪಡಾವು ಅನ್ನುವ ದೋಣಿಗಳಲ್ಲಿ ಸರಕು ಸಾಗಿಸಬೇಕಿತ್ತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟಿಸಿದರು. ಅಪ್ಪ ನೋಡಲು ಹೋಗಿದ್ದರು, ಜನಜಂಗುಳಿಯಲ್ಲಿ ಚಪ್ಪಲಿ ಕಳೆದುಕೊಂಡು ಬಂದರು. ದೊಡ್ಡ ಹಡಗೆಲ್ಲ ಅತ್ತ ಹೋಯಿತು. ಮಂಜಿ ಇಲ್ಲೇ ಉಳಿಯಿತು.

ಮೀನುಗಾರಿಕೆ ಧಕ್ಕೆಯ ಹತ್ತಿರ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಾಲ್ಕೈದು ಸಾಲು ನಿಂತಿದ್ದವು. ಟ್ರಾಲ್ ಬೋಟು, ಪರ್ಸೀನ್ ಬೋಟು, ಮೇಲೆ ಗುಡ್ಡೆ ಹಾಕಿದ ಬಲೆ, ಐಸ್ ಪುಡಿ ಮಾಡುವ ಗರಗರ ಸದ್ದು. ಆಕಾಶದಲ್ಲಿ ಗರುಡಗಳು ಸುತ್ತುತ್ತಲೇ ಇದ್ದವು, ಬಿಳಿ ಎದೆ, ಕೆಂಗಂದು ರೆಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಈ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ಶ್ರಾವಣದ ನೂಲ ಹುಣ್ಣಿಮೆಗೆ ಬೆಂಗ್ರೆಯವರು ಸಮುದ್ರಕ್ಕೆ ಹಾಲು, ಹೂವು, ತೆಂಗಿನಕಾಯಿ ಕೊಟ್ಟು ಪೂಜೆ ಮಾಡುತ್ತಾರೆ.

ಅಳಿವೆ ಬಾಗಿಲಿನ ಹತ್ತಿರ ತಂಡೇಲ ಇಂಜಿನ್ ನಿಧಾನ ಮಾಡಿದರು. ಎರಡೂ ಕಡೆ ಕಲ್ಲಿನ ತಡೆಗೋಡೆ ಸಮುದ್ರದೊಳಕ್ಕೆ ಚಾಚಿದೆ. ನಡುವೆ ಕಡಲು. ಮೇಲೆ ನೋಡಲು ನೀರು ಶಾಂತ, ಆದರೆ ಕೆಳಗೆ ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ದಡ ಕಣ್ಣೆದುರು ಇರುವಾಗಲೇ ಇಲ್ಲಿ ಬೋಟು ಮುಳುಗಿದ್ದುಂಟು. ತುಂಬಿದ ಮಂಜಿಗಳು ಭರತ ಬರುವವರೆಗೆ ಕಾದು ಹೊರಡುತ್ತಿದ್ದವು ಅಂತ ಅಪ್ಪ ಹೇಳಿದರು.

ಮಗಳು ಕೇಳಿದಳು, "ಅಜ್ಜ, ನೀವು ಯಾವತ್ತಾದ್ರೂ ಇದರ ಆಚೆ ಹೋಗಿದ್ದೀರಾ?"

"ಇಲ್ಲ ಮಗಾ. ನನ್ನ ಕೆಲಸ ಹಲಗೆಯವರೆಗೆ."

ಆಮೇಲೆ ಅಪ್ಪ ಲಕ್ಷದ್ವೀಪದ ದ್ವೀಪಗಳ ಹೆಸರು ಹೇಳುತ್ತಾ ಹೋದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಆಂದ್ರೋತ್, ಕವರತ್ತಿ. ಯಾವ ದ್ವೀಪಕ್ಕೆ ಎಷ್ಟು ಅಕ್ಕಿ, ಯಾವ ತಿಂಗಳು ಯಾವ ತರಕಾರಿ ಎಲ್ಲ ಬಾಯಲ್ಲಿದೆ. ಒಂದನ್ನೂ ಕಂಡವರಲ್ಲ. ಇದರಲ್ಲಿ ಅಮಿನಿಯ ಗುಂಪಿನ ದ್ವೀಪಗಳು 1956ರವರೆಗೆ ನಮ್ಮ ಸೌತ್ ಕೆನರಾ ಜಿಲ್ಲೆಗೇ ಸೇರಿದ್ದವು. ಅಪ್ಪ ಅಳಿವೆಯ ಕಡೆಗೆ ತಿರುಗಿ ಕೈ ಮುಗಿದರು. ನಾವೂ ಮುಗಿದೆವು.

ಬೋಟು ನೇತ್ರಾವತಿಯೊಳಗೆ ತಿರುಗಿತು. ಇಲ್ಲಿ ಹೊಳೆ ಅಗಲ, ಗಾಳಿ ಜಾಸ್ತಿ. ಬಲಕ್ಕೆ ಉಳ್ಳಾಲ, ಎಡಕ್ಕೆ ಹೊಯಿಗೆಬಜಾರ್, ಬೋಳಾರ, ಜೆಪ್ಪು. ಈ ದಡದಲ್ಲಿ ಒಂದು ಕಾಲಕ್ಕೆ ಸಾಲಾಗಿ ಹಂಚಿನ ಕಾರ್ಖಾನೆ. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯ ಜಾರ್ಜ್ ಪ್ಲೆಬ್‌ಸ್ಟ್ ಅನ್ನುವ ಜರ್ಮನಿಯವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಹೊಳೆಯ ಮೇಲ್ಭಾಗದ ಗದ್ದೆಯ ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ಹಡಗಿನಲ್ಲಿ ಹೋಗುತ್ತಿತ್ತು. ನನ್ನ ಅಜ್ಜಿ ಮನೆಯ ಮಾಡಿನಲ್ಲಿ ಅದೇ ಹಂಚು. ಜ್ವರ ಬಂದು ಮಲಗಿದಾಗ ಅಂಗಾತ ನೋಡಿದರೆ ಪ್ರತಿ ಹಂಚಿನ ಅಡಿಯಲ್ಲೂ ಕಾರ್ಖಾನೆಯ ಹೆಸರು, 1865 ಅನ್ನುವ ಅಂಕೆ. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದೇ ಆ ಮಾಡಿನಿಂದ. ಈಗ ಕಾರ್ಖಾನೆಗಳು ಹೆಚ್ಚಿನವು ಇಲ್ಲ. ದೂರದಲ್ಲಿ ರೈಲು ಸೇತುವೆ ಕಂಡಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದು ನೇತ್ರಾವತಿಯನ್ನು ದಾಟಿಯೇ. ಸೇತುವೆಯವರೆಗೆ ಹೋಗದೆ ಬೋಟು ಅಲ್ಲೇ ತಿರುಗಿತು.

ಬರುವಾಗ ಒಂದು ಕಡೆ ನೀರಿನ ಬಣ್ಣ ಕಪ್ಪಾಯಿತು. ಊರಿನ ಚರಂಡಿ ಬಂದು ಸೇರುವ ಜಾಗ. ಎಲ್ಲರೂ ಮೂಗು ಮುಚ್ಚಿಕೊಂಡರು. ಬೆಂಗ್ರೆ ಬದಿಯ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೆ ಪ್ಲಾಸ್ಟಿಕ್ ಬಾಟಲಿ, ಹಾಲಿನ ಪ್ಯಾಕೆಟ್, ಯಾರದ್ದೋ ಮಗುವಿನ ಚಪ್ಪಲಿ ಸಿಕ್ಕಿಕೊಂಡಿತ್ತು. ಅದೇ ಬೇರುಗಳ ನಡುವೆ ಒಂದು ಮಿಂಚುಳ್ಳಿ ಮೀನಿಗೆ ಕಾಯುತ್ತಾ ಕೂತಿತ್ತು. ನನಗೆ ಬಹಳ ನೋವಾಯಿತು. ಮನೆಯ ಸಿಂಕಿನಿಂದ ಹೋದ ನೀರು ಎಲ್ಲಿಗೆ ಹೋಗುತ್ತದೆ ಅಂತ ನಾನು ಯಾವತ್ತೂ ಹಿಂಬಾಲಿಸಿ ನೋಡಿರಲಿಲ್ಲ. ಎಲೆ ಮೇಲೆ ಊಟ ಮುಗಿಸಿ ಕೈ ತೊಳೆದು ಹತ್ತು ನಿಮಿಷ ಆಗಿರಲಿಲ್ಲ. ಊಟದ ಬೋಟಿನವರು ಈ ಜಾಗವನ್ನು ಬೇಗ ದಾಟಿಸಬಾರದು ಅಂತ ನನಗೆ ಅನಿಸುತ್ತದೆ. ಸುಲ್ತಾನ್ ಬತ್ತೇರಿ ಎದುರು ನಿಧಾನ ಮಾಡುವ ಹಾಗೆ ಇಲ್ಲೂ ನಿಧಾನ ಮಾಡಿ ತೋರಿಸಬೇಕು. ನಮ್ಮ ಮಗಳು ಎಂಜಲು ಎಲೆಗಳನ್ನು ಎಲ್ಲಿ ಹಾಕುತ್ತೀರಿ ಅಂತ ಕೆಳಗೆ ಹೋಗಿ ಕೇಳಿ ಬಂದಳು. ಡ್ರಮ್ಮಿನಲ್ಲಿ ತುಂಬಿ ದಡಕ್ಕೆ ತರುತ್ತೇವೆ ಅಂದರಂತೆ. ಡ್ರಮ್ಮನ್ನು ನೋಡಿಯೂ ಬಂದಳು.

ಮತ್ತೆ ಬಂದರಿನ ಎದುರು ಬಂದಾಗ ಮೂರು ಗಂಟೆಯ ಹತ್ತಿರ. ಈರುಳ್ಳಿಯ ಮಂಜಿ ನೀರಲ್ಲಿ ಕೆಳಗೆ ಕೂತಿತ್ತು, ಹಲಗೆ ಈಗ ಬೇರೆ ಓರೆಯಲ್ಲಿತ್ತು. ಟವೆಲ್ ಹಾಕಿಕೊಂಡ ಹುಡುಗ ಒಂದು ಮೂಟೆಯ ಮೇಲೆ ಕೂತು ಪುಸ್ತಕದಲ್ಲಿ ಏನೋ ಕೂಡಿಸುತ್ತಿದ್ದ. ಅಪ್ಪ ಅವನನ್ನು ಕೂಗಲಿಲ್ಲ. "ಕೂಡಿಸುವಾಗ ಮಾತಾಡಿಸ್ಬಾರ್ದು" ಅಂದರು.

ಜೆಟ್ಟಿಯಲ್ಲಿ ನೀರು ಏರಿತ್ತು. ಹತ್ತುವಾಗ ಇಳಿಜಾರಾಗಿದ್ದ ಹಲಗೆ ಈಗ ಹೆಚ್ಚುಕಡಿಮೆ ಸಮ. ಕಂಬದ ಚಿಪ್ಪುಗಳು ಕಾಣುತ್ತಿರಲಿಲ್ಲ. ತಂಡೇಲ ಅಪ್ಪನ ಕೈ ಹಿಡಿದು ಮೊದಲು ಅವರನ್ನು ಇಳಿಸಿದರು. ಅಪ್ಪ ಜೆಟ್ಟಿಯ ಮೇಲೆ ನಾಲ್ಕು ಹೆಜ್ಜೆ ಮುಂದೆ ಹೋಗಲಿಲ್ಲ. ಹಲಗೆಯ ತುದಿಯಲ್ಲೇ ತಿರುಗಿ ನಿಂತರು. ಬೆಂಗಳೂರಿನ ಕುಟುಂಬದ ಸಣ್ಣ ಹುಡುಗ ಮೊದಲು ಬಂದ, ಅಪ್ಪ ಅವನ ತಲೆ ಮುಟ್ಟಿದರು.

"ಲಾಭ."

ಅವನ ಅಮ್ಮ ಬಂದರು. "ಎರಡು." ನನ್ನ ಮಗಳು ಬಂದಳು. "ಮೂರು."